ಗ್ಯಾಸ್ ಗೀಸರಿನ ಹೊಗೆ ಹೋಗುವುದೆಲ್ಲಿಗೆ?

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ಏನಾದರೂ ಮಾತನಾಡಿ ಎಂದು ಕಾರ್ಯಾಧ್ಯಕ್ಷೆಯವರು ಫೋನಿನಲ್ಲಿ ಹೇಳಿದರು. ಮಂಡಿನೋವು, ಶುಗರ್, ಬಿ.ಪಿ. ಇವೆಲ್ಲ ಹಿಂದಿನ ವರ್ಷಗಳಲ್ಲಿ ಆಗಿಹೋಗಿವೆ. ನಾನು ಡಾಕ್ಟರಳೂ ಅಲ್ಲ, ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಆರಿಸಿಕೊಂಡೆ. ನಮ್ಮ ಬಚ್ಚಲುಮನೆಯ ಗೋಡೆಯ ಮೇಲೆ ತೂಗುವ ಗ್ಯಾಸ್ ಗೀಸರಿನ ಹೊಗೆ ಎಲ್ಲಿಗೆ ಹೋಗುತ್ತದೆ, ಇಷ್ಟೇ ಇವತ್ತಿನ ಮಾತು. "ಹೊಗೆಯೇ ಬರುವುದಿಲ್ಲವಲ್ಲ ಟೀಚರ್" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು, ಕೇಳಿಸಿತು. ಕಣ್ಣಿಗೆ ಕಾಣುವುದಿಲ್ಲ, ನಿಜ. ತೊಂದರೆಯೂ ಅದೇ.

ಊರಿನ ಬಚ್ಚಲನ್ನು ನೆನಪು ಮಾಡಿಕೊಳ್ಳಿ. ಕರಾವಳಿ, ಮಲೆನಾಡು ಕಡೆಯವರಾದರೆ ಹಂಡೆ ಒಲೆ, ಹೆಂಚಿನ ಸಂದಿ, ಗೋಡೆಯಲ್ಲೊಂದು ಕಂಡಿ. ಎಷ್ಟೋ ಮನೆಗಳಲ್ಲಿ ಸೌದೆ ತುರುಕುವ ಬಾಯಿ ಬಚ್ಚಲಿನ ಹೊರಗಡೆಯೇ ಇರುತ್ತಿತ್ತು. ಬೆಳಗಾವಿ, ಧಾರವಾಡ ಕಡೆಯವರ ಮನೆಯಲ್ಲಿ, ಇಲ್ಲಿನ ಮರಾಠಿಗರ ಮನೆಯಲ್ಲಿ ತಾಮ್ರದ ಬಂಬು ಇತ್ತು. ಆ ಬಂಬಿನ ನಡುವೆ ಒಂದು ಕೊಳವೆ, ಕೆಳಗೆ ಕೆಂಡ, ಮೇಲೆ ಹೊಗೆ ಹೋಗಲು ದಾರಿ. ಅದನ್ನು ಗ್ಯಾಲರಿಯಲ್ಲಿಟ್ಟು ಉರಿ ಹಾಕಿ, ಬಿಸಿನೀರನ್ನಷ್ಟೇ ಒಳಗೆ ಒಯ್ಯುತ್ತಿದ್ದರು. ಚಾಳಿನ ಖೋಲಿಯ ಮೋರಿಗೆ ಅರ್ಧ ಗೋಡೆ, ಮೇಲೆಲ್ಲ ಖಾಲಿ. ಬೆಂಕಿ ಉಸಿರಾಡುತ್ತದೆ ಎನ್ನುವುದು ಹಳಬರಿಗೆ ಗೊತ್ತಿತ್ತು. ಸೌದೆಯ ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ, ಬಾಗಿಲು ತೆಗೆಸುತ್ತಿತ್ತು. ಅಷ್ಟು ಉಪಕಾರ ಗ್ಯಾಸ್ ಮಾಡುವುದಿಲ್ಲ.

ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಕೇಳುತ್ತೀರಿ. ಆ ವಾಸನೆ ಬೇಕೆಂದೇ ಸೇರಿಸಿದ್ದು. ಗ್ಯಾಸ್ ಉರಿಯುವಾಗ ಅದೂ ಉರಿದುಹೋಗುತ್ತದೆ. ಗ್ಯಾಸಿಗೆ ಸಾಕಷ್ಟು ಗಾಳಿ ಸಿಕ್ಕಿದರೆ ಉಳಿಯುವುದು ನೀರಿನ ಆವಿ ಮತ್ತು ಕಾರ್ಬನ್ ಡೈಆಕ್ಸೈಡ್. ಗಾಳಿ ಕಡಿಮೆಯಾದರೆ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಉರಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಬೇಗ ಬಿಡುವುದೂ ಇಲ್ಲ. ಬರೀ ಹೊರಗಿನ ಗಾಳಿ ಉಸಿರಾಡಿದರೆ ಅದರಲ್ಲಿ ಅರ್ಧ ಹೋಗಲು ನಾಲ್ಕೈದು ತಾಸು ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ತಾಸು.

ಈಗ ಒಂದು ಲೆಕ್ಕ. ಹೆದರಬೇಡಿ, ಪರೀಕ್ಷೆಗೆ ಬರುವುದಿಲ್ಲ. ನಮ್ಮ ಕಡೆಯ ಬಾತ್‌ರೂಮ್ ನಾಲ್ಕು ಅಡಿ, ಆರು ಅಡಿ ಇದ್ದರೆ ದೊಡ್ಡದು. ಎತ್ತರ ಎಂಟು ಅಡಿ ಎಂದುಕೊಳ್ಳಿ. ಒಳಗಿರುವ ಗಾಳಿ ಸುಮಾರು ಐದೂವರೆ ಸಾವಿರ ಲೀಟರ್. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೈಪಿನ ಗ್ಯಾಸಿನಲ್ಲಿ ನಡೆಯುವಾಗ ನಿಮಿಷಕ್ಕೆ ಸುಮಾರು 20 ಲೀಟರ್ ಗ್ಯಾಸ್ ಉರಿಸುತ್ತದೆ. ಒಂದು ಲೀಟರ್ ಗ್ಯಾಸಿಗೆ ಹತ್ತು ಲೀಟರ್ ಗಾಳಿ ಬೇಕು. ಅಂದರೆ ನಿಮಿಷಕ್ಕೆ 200 ಲೀಟರ್. ಗಾಳಿಯಲ್ಲಿ ನೂರಕ್ಕೆ 21 ಪಾಲಿರುವ ಆಮ್ಲಜನಕ ಬಿಗಿಯಾಗಿ ಮುಚ್ಚಿದ ಆ ಕೋಣೆಯಲ್ಲಿ 18ಕ್ಕೆ ಇಳಿಯಲು ನಾಲ್ಕು ನಿಮಿಷ ಸಾಕು. ಅಲ್ಲಿಂದ ಮುಂದೆ ಉರಿ ತಡವರಿಸತೊಡಗುತ್ತದೆ. ಬಾಗಿಲ ಸಂದಿಯಿಂದ ಸ್ವಲ್ಪ ಗಾಳಿ ಬರುತ್ತದೆ, ಒಪ್ಪಿದೆ. ನಾಲ್ಕಿದ್ದದ್ದು ಎಂಟು ನಿಮಿಷ ಆಗಬಹುದು. ನಮ್ಮಲ್ಲಿ ಎಂಟು ನಿಮಿಷದಲ್ಲಿ ತಲೆಗೆ ಎರೆದುಕೊಂಡು ಹೊರಬರುವವರು ಯಾರಿದ್ದೀರಿ, ಕೈ ಎತ್ತಿ ನೋಡೋಣ!

ಅನೇಕ ಗೀಸರುಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ಟೈಮರ್ ಇರುತ್ತದೆ. ಅಂಗಡಿಯವರು ಅದನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ಆದರೆ ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಟೈಮರ್ ಮೊದಲಿನಿಂದ ಎಣಿಸುತ್ತದೆ. ಕೋಣೆಯ ಗಾಳಿ ಮೊದಲಿನಿಂದ ಶುರುವಾಗುವುದಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ಮನೆಮಂದಿಯೆಲ್ಲ ಒಬ್ಬರ ಹಿಂದೆ ಒಬ್ಬರು ಎಣ್ಣೆನೀರು ಮಾಡುವಾಗ ಮೊದಲನೆಯವರಿಗೆ ಏನೂ ಆಗದೆ ನಾಲ್ಕನೆಯವರಿಗೆ ತಲೆ ಸುತ್ತುವುದು ಇದರಿಂದ.

ಇದು ಬರೀ ಪುಸ್ತಕದ ಮಾತಲ್ಲ. 2020ರ ಜನವರಿಯಲ್ಲಿ ಬೋರಿವಲಿಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಸ್ನಾನಕ್ಕೆ ಹೋದವಳು ಗ್ಯಾಸ್ ಗೀಸರಿನಿಂದ ಪ್ರಜ್ಞೆ ತಪ್ಪಿ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ಪೇಪರಿನಲ್ಲಿ ಓದಿದ್ದೀರಿ. ಅದೇ ತಿಂಗಳು ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಹೋಟೆಲಿನ ಕೋಣೆಯಲ್ಲಿ ಮಲಗಿದ್ದಲ್ಲೇ ಹೋದರು. ಅಲ್ಲಿ ಗೀಸರ್ ಅಲ್ಲ, ಚಳಿಗೆ ಹಚ್ಚಿಟ್ಟ ಗ್ಯಾಸ್ ಹೀಟರ್. ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು.

ನಮ್ಮದೇ ಕಟ್ಟಡದ ಒಂದು ಘಟನೆ ಹೇಳುತ್ತೇನೆ. ಮನೆಯವರನ್ನು ಕೇಳಿಯೇ ಹೇಳುತ್ತಿದ್ದೇನೆ. ಹೆರಿಗೆಯಾಗಿ ಮೂರನೆಯ ವಾರದಲ್ಲಿದ್ದ ಬಾಣಂತಿ. ಬಾಣಂತಿ ಸ್ನಾನ ಎಂದರೆ ನಿಮಗೆ ವಿವರಿಸಬೇಕಿಲ್ಲ. ಎಂಟು ಹತ್ತು ಬಕೆಟ್ ಸುಡುಸುಡು ನೀರು, ಶೀತಗಾಳಿ ತಾಗಬಾರದೆಂದು ಕಿಟಕಿಯ ಗಾಜಿನ ಪಟ್ಟಿಗಳಿಗೆ ಹಳೆ ಸೀರೆ ತುರುಕುವುದು, ಬಾಗಿಲು ಭದ್ರ. ಒಳಗೆ ಬಾಣಂತಿ, ನೀರೆರೆಯುವಾಕೆ, ಮೊದಲಿಗೆ ಮಗುವೂ. ಹದಿನೈದು ಲೀಟರಿನ ಎಂಟು ಬಕೆಟ್ ಎಂದರೆ 120 ಲೀಟರ್, ಗೀಸರ್ 20 ನಿಮಿಷ ಉರಿಯಬೇಕು. ಮೂರು ದಿನದಿಂದ ಬಾಣಂತಿಗೆ ಸ್ನಾನವಾದ ಮೇಲೆ ತಲೆನೋವು, ವಾಕರಿಕೆ. ನಂಜು ಎಂದರು ಒಬ್ಬರು, ದೃಷ್ಟಿ ಎಂದರು ಇನ್ನೊಬ್ಬರು, ಮೆಣಸಿನಕಾಯಿ ನಿವಾಳಿಸಿದರು. ನೀರೆರೆಯುವಾಕೆಗೂ ತಲೆನೋವು, ಆಕೆಯದನ್ನು ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ಮಗುವಿನ ಸ್ನಾನ ಮುಗಿಸಿ ಅಜ್ಜಿಯ ಕೈಗೆ ಕೊಟ್ಟು ಬಾಗಿಲು ಹಾಕಿದ್ದಾರೆ. ಸ್ವಲ್ಪ ಹೊತ್ತಿನಲ್ಲಿ ಬಕೆಟ್ ಉರುಳಿದ ಸದ್ದು. ಅಜ್ಜಿ ಕರೆದರೆ ಉತ್ತರವಿಲ್ಲ. ಪುಣ್ಯಕ್ಕೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಇಬ್ಬರೂ ನೆಲದ ಮೇಲೆ.

ಇಬ್ಬರೂ ಉಳಿದರು. ಅವರನ್ನು ಪ್ಯಾಸೇಜಿಗೆ ಎಳೆದು ತರುವಾಗ ನಾನೂ ಕೈಹಾಕಿದ್ದೆ. ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿಯ ಹುಡುಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಘರ್ ಮೇ ಗ್ಯಾಸ್ ಗೀಸರ್ ಹೈ ಕ್ಯಾ?" ಅಜ್ಜಿ ಕೈಯಲ್ಲಿ ಮನೆಯ ಆಕ್ಸಿಮೀಟರ್ ಹಿಡಿದುಕೊಂಡು ಬಂದಿದ್ದರು. 98 ತೋರಿಸುತ್ತಿದೆ, ಏನೂ ತೊಂದರೆಯಿಲ್ಲ ಎಂದು ಅವರ ಸಮಾಧಾನ. ಕೋವಿಡ್ ಕಾಲದಿಂದ ನಮ್ಮೆಲ್ಲರ ಮನೆಯಲ್ಲೂ ಅದು ಇದೆ, ಆದ್ದರಿಂದ ಇದನ್ನು ಚೆನ್ನಾಗಿ ನೆನಪಿಡಿ: ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕ ಹಿಡಿದ ರಕ್ತಕ್ಕೂ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಕೆಂಪು. ಸತ್ಯ ತಿಳಿಯಬೇಕಾದರೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂಬ ರಕ್ತ ಪರೀಕ್ಷೆ ಆಗಬೇಕು. ಆ ಹೆಸರು ನೆನಪಿರದಿದ್ದರೂ ಚಿಂತೆಯಿಲ್ಲ, "ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಬಿದ್ದರು" ಎಂದು ಹೇಳಲು ಮರೆಯಬೇಡಿ. ಗರ್ಭಿಣಿಯಾದರಂತೂ ತಾಯಿ ಚೇತರಿಸಿಕೊಂಡಂತೆ ಕಂಡರೂ ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಇದು ಇನ್ನೂ ನಿಧಾನ ಇಳಿಯುತ್ತದೆ. ಮನೆಯಲ್ಲೇ ಮಲಗಿಸಿ ನೋಡುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು, ಕನ್ನಡಿಗರಿಗೆ ವಿಶೇಷವಾಗಿ. ನಮ್ಮ ಹಳೆ ಮೈಸೂರು, ಬೆಂಗಳೂರು ಕಡೆ ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಫಿಟ್ಸ್ ಬರುವ ಒಂದು ಕಾಯಿಲೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಬಗ್ಗೆ ಬಹಳ ಅಧ್ಯಯನ ನಡೆದಿದೆ. ಆದ್ದರಿಂದ ಬಚ್ಚಲಿನಲ್ಲಿ ಯಾರಾದರೂ ಬಿದ್ದು ಕೈಕಾಲು ಸೆಟೆದರೆ "ನಮ್ಮ ವಂಶದಲ್ಲಿದೆ, ಬಿಸಿನೀರಿನ ಫಿಟ್ಸ್" ಎಂದು ಹಿರಿಯರು ಅಲ್ಲಿಗೇ ಮುಗಿಸುತ್ತಾರೆ. ಮಾನಾಕ್ಸೈಡಿನಿಂದಲೂ ಹಾಗೆಯೇ ಆಗಬಹುದು. ಮುಂಚೆ ಎಂದೂ ಬರದಿದ್ದ ಫಿಟ್ಸ್ ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಮಾತ್ರ ಬಂದರೆ ಮಾತ್ರೆ ಶುರು ಮಾಡುವ ಮುಂಚೆ ಗೀಸರನ್ನು ನೋಡಿ.

ಸರಿ, ಈಗ ಚಿಮಣಿಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಾರಾಟವಾಗುವ ಸಣ್ಣ ಗೀಸರುಗಳಲ್ಲಿ ಅನೇಕಕ್ಕೆ ಹೊಗೆಕೊಳವೆಯೇ ಇಲ್ಲ. ಉರಿದದ್ದೆಲ್ಲ ಕೋಣೆಯೊಳಗೇ. ಇವನ್ನು ಬಚ್ಚಲಿನಲ್ಲಿ ಹಾಕಲೇಬಾರದು. ಇನ್ನೊಂದು ಬಗೆಯಲ್ಲಿ ತಲೆಯ ಮೇಲೆ ಕೊಳವೆ ಇರುತ್ತದೆ, ಬಿಸಿಗಾಳಿ ತನ್ನಷ್ಟಕ್ಕೆ ಮೇಲೇರಿ ಹೊರಗೆ ಹೋಗುತ್ತದೆ. ಮೂರನೆಯದರಲ್ಲಿ ಒಳಗೇ ಸಣ್ಣ ಫ್ಯಾನ್ ಇದ್ದು ಹೊಗೆಯನ್ನು ಹೊರಗೆ ದಬ್ಬುತ್ತದೆ. ಅಮೆರಿಕ, ಕೆನಡಾದಲ್ಲಿ ಮಕ್ಕಳ ಮನೆಗೆ ಬಾಣಂತನಕ್ಕೆ ಹೋಗಿಬಂದವರು ನೆಲಮಾಳಿಗೆಯಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ನೋಡಿರುತ್ತೀರಿ. ಹೊಸ ಮಾದರಿಯದಕ್ಕೆ ಹೆಚ್ಚಾಗಿ ಎರಡು ಬಿಳಿ ಪೈಪು ಹೊರಗೋಡೆಗೆ ಹೋಗಿರುತ್ತವೆ. ಒಂದರಿಂದ ಹೊರಗಿನ ಗಾಳಿ ಬರುತ್ತದೆ, ಇನ್ನೊಂದರಿಂದ ಉರಿದದ್ದು ಹೋಗುತ್ತದೆ. ಮನೆಯವರು ಉಸಿರಾಡುವ ಗಾಳಿಗೂ ಆ ಉರಿಗೂ ಸಂಬಂಧವೇ ಇಲ್ಲ. ಹಿಮ ಬಿದ್ದಾಗ ಆ ಪೈಪಿನ ಬಾಯಿ ಮುಚ್ಚಿದೆಯೇ ಎಂದು ಅಳಿಯಂದಿರು ಸಲಿಕೆ ಹಿಡಿದು ಓಡುವುದು ಅದಕ್ಕೇ. ಆ ಬಿಳಿ ಪೈಪು ಪ್ಲಾಸ್ಟಿಕ್ಕಿನದು ಎಂದು ಇಲ್ಲಿ ಪಿ.ವಿ.ಸಿ. ಹಾಕಿಸಲು ಹೋಗಬೇಡಿ. ಅಲ್ಲಿನ ಯಂತ್ರ ಹೊಗೆಯ ಶಾಖವನ್ನೆಲ್ಲ ಹೀರಿಕೊಂಡು ತಣ್ಣಗೆ ಮಾಡಿ ಬಿಡುತ್ತದೆ. ನಮ್ಮ ಗೀಸರಿನ ಹೊಗೆ ಸುಡುತ್ತದೆ, ಅದಕ್ಕೆ ಅಲ್ಯೂಮಿನಿಯಂ ಅಥವಾ ಸ್ಟೀಲಿನ ಕೊಳವೆಯೇ ಬೇಕು.

ಕಳೆದ ವರ್ಷ ನಮ್ಮ ಮನೆಗೆ ಹೊಸ ಗೀಸರ್ ತಂದಾಗ ಜೋಡಿಸಲು ಬಂದ ಹುಡುಗ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಪೈಪನ್ನು ಪಕ್ಕಕ್ಕಿಟ್ಟ. "ಇಸ್ಕೀ ಜರೂರತ್ ನಹೀ ಆಂಟೀ, ಸಬ್ ಲೋಗ್ ಐಸಾ ಹೀ ಲಗಾತೇ ಹೈ." ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಸಾಕು ಎಂದು ಅವನ ವಾದ. ಹುಡುಗ ಕೆಟ್ಟವನಲ್ಲ, ದಿನಕ್ಕೆ ಎಂಟು ಮನೆ ಮುಗಿಸಬೇಕು, ಗೋಡೆ ಕೊರೆಯಲು ಅವನಿಗೆ ಬೇರೆ ಕೂಲಿ ಇಲ್ಲ. ಆದರೆ ಅವನ ಈ ಎಕ್ಸಾಸ್ಟ್ ಫ್ಯಾನ್ ಮಾತನ್ನೇ ನಾವೆಲ್ಲರೂ ನಂಬಿಕೊಂಡಿದ್ದೇವೆ. ಫ್ಯಾನ್ ಗಾಳಿಯನ್ನು ಹೊರಗೆಳೆಯಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬಾಗಿಲು ಕಿಟಕಿ ಬಿಗಿಯಾಗಿದ್ದರೆ ಬರಲು ಉಳಿಯುವ ಸುಲಭದ ದಾರಿ ಯಾವುದು? ಗೀಸರಿನ ಚಿಮಣಿಯೇ! ಮೇಲೇರಬೇಕಾದ ಹೊಗೆಯನ್ನು ಫ್ಯಾನ್ ತಿರುಗಿಸಿ ಕೋಣೆಗೆ ಎಳೆದು ತರುತ್ತದೆ. ತನ್ನಷ್ಟಕ್ಕೆ ಹೊಗೆ ಏರುವ ಬಗೆಯ ಗೀಸರ್ ಇದ್ದಲ್ಲಿ ಎಕ್ಸಾಸ್ಟ್ ಫ್ಯಾನ್ ರಕ್ಷಣೆಯಲ್ಲ, ಅಪಾಯ. ಅಡುಗೆಮನೆಯ ಚಿಮಣಿಯೂ ಅಷ್ಟೇ. ಗಂಟೆಗೆ ಸಾವಿರ ಘನ ಮೀಟರ್ ಎಳೆಯುತ್ತದೆಂದು ಅದರ ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಬರೆದಿರುತ್ತದೆ. ನಮ್ಮ ಪುಟ್ಟ ಮನೆಗಳಲ್ಲಿ ಅದು ಬಚ್ಚಲಿನ ಗಾಳಿಯನ್ನೂ ಎಳೆಯದೆ ಬಿಡುವುದಿಲ್ಲ. ಎ.ಸಿ. ಬಂದ ಮೇಲೆ ಬಾಲ್ಕನಿಗೂ ಗಾಜು ಹಾಕಿ ಮುಚ್ಚಿದ ಮನೆಗಳಲ್ಲಂತೂ ಇನ್ನೂ ಹೆಚ್ಚು.

ನಾನು ಆ ಹುಡುಗನಿಂದ ಮಾಡಿಸಿದ್ದು ಹೀಗೆ. ಗೀಸರನ್ನು ಬಚ್ಚಲಿನಲ್ಲಿ ಹಾಕಲು ಬಿಡಲಿಲ್ಲ. ಪಾತ್ರೆ ತೊಳೆಯುವ ಬಾಲ್ಕನಿಯ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪನ್ನು ಮಾತ್ರ ಬಚ್ಚಲಿಗೆ ಎಳೆಸಿದೆ. ತಾಮ್ರದ ಬಂಬು ಗ್ಯಾಲರಿಯಲ್ಲಿದ್ದ ಹಾಗೆ. ಪೈಪಿನ ಖರ್ಚು ಸ್ವಲ್ಪ ಹೆಚ್ಚಾಯಿತು, ಮೊದಲ ಅರ್ಧ ಬಕೆಟ್ ತಣ್ಣೀರು ಬರುತ್ತದೆ, ಅದು ಬಟ್ಟೆಗೆ ಆಯಿತು. ಹೊಗೆಕೊಳವೆ ಗೀಸರಿನ ತಲೆಯಿಂದ ಮೊದಲು ನೇರ ಮೇಲಕ್ಕೆ ಒಂದೆರಡು ಅಡಿ ಏರಿ, ಆಮೇಲೆ ಒಂದೇ ತಿರುವು ತೆಗೆದುಕೊಂಡು, ಹೊರಬಾಯಿಯ ಕಡೆಗೆ ಸ್ವಲ್ಪ ಏರುತ್ತಲೇ ಹೋಗಬೇಕು. ಬಿಸಿಗಾಳಿ ಇಳಿಯುವುದಿಲ್ಲ, ಇಳಿಸಲು ಹೋದರೆ ತಿರುಗಿ ಬರುತ್ತದೆ. ಫ್ಯಾನ್ ಇರುವ ಬಗೆಗೆ ಮಾತ್ರ ನಿಯಮ ಬೇರೆ, ಮಳೆನೀರು ಒಳಗೆ ಹರಿಯದಂತೆ ಹೊರಗಡೆಗೆ ತುಸು ಇಳಿಜಾರು ಬಿಡುತ್ತಾರೆ, ಪೆಟ್ಟಿಗೆಯಲ್ಲಿರುವ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಅದರಂತೆ ಹಾಕಿಸಿ. ಗೀಸರಿನ ಬಾಯಿಗಿಂತ ಸಣ್ಣ ಕೊಳವೆ ಬೇಡ. ಕೀಲುಗಳಲ್ಲಿ ಸಂದಿ ಬೇಡ.

ಕೊಳವೆಯ ಹೊರಬಾಯಿ ಎಲ್ಲಿ ತೆರೆಯುತ್ತದೆ ಎನ್ನುವುದು ಮುಂಬಯಿಯ ಮುಖ್ಯ ಪ್ರಶ್ನೆ. ನಮ್ಮ ಎಷ್ಟೋ ಕಟ್ಟಡಗಳಲ್ಲಿ ಬಚ್ಚಲಿನ ಕಿಟಕಿ ಆಕಾಶಕ್ಕೆ ತೆರೆಯುವುದಿಲ್ಲ, ಡಕ್ಟಿಗೆ ತೆರೆಯುತ್ತದೆ. ಡ್ರೈನೇಜ್ ಪೈಪು ಇಳಿಯುವ ಆ ಇಕ್ಕಟ್ಟಿನ ಬಾವಿಗೆ ಚಿಮಣಿ ಬಿಟ್ಟರೆ ಎರಡನೆಯ ಮಹಡಿಯ ಹೊಗೆ ಮೂರನೆಯ ಮಹಡಿಯ ಕಿಟಕಿಯಿಂದ ಒಳಗೆ. ಗೀಸರೇ ಇಲ್ಲದ ಮನೆಯವರಿಗೆ ತಲೆನೋವು! ಸೊಸೈಟಿ ಕಮಿಟಿಯಲ್ಲಿ ಇರುವವರು ಇದನ್ನು ಮುಂದಿನ ಮೀಟಿಂಗಿನಲ್ಲಿ ಎತ್ತಬೇಕು. ಹೊರಗೋಡೆಗೆ ತೂತು ಕೊರೆಯಲು ಅನುಮತಿ ಕೊಡುವುದಿಲ್ಲ, ಕಟ್ಟಡದ ಅಂದ ಕೆಡುತ್ತದೆ ಎಂದು ಹೇಳುವ ಕಮಿಟಿಗಳಿವೆ. ಅಂಥ ಕಡೆ ಕರೆಂಟಿನ ಗೀಸರ್ ಹಾಕಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಬಿಲ್ಲು ಹೆಚ್ಚು ಬರಲಿ. ಕೊಳವೆಯ ಬಾಯಿಗೆ ಜಾಳಿಗೆಯ ಟೋಪಿ ಕಡ್ಡಾಯ, ಇಲ್ಲವಾದರೆ ಪಾರಿವಾಳ ಗೂಡು ಕಟ್ಟುತ್ತದೆ. ನಮ್ಮ ನಗರದ ಪಾರಿವಾಳಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಸಭೆ ಬೇರೆ ಕಡೆಗೆ ಹೋಗುತ್ತದೆ.

ಸಿ.ಜಿ.ಎಸ್. ಕಾಲೊನಿಯ ಸರಕಾರಿ ಕ್ವಾರ್ಟರ್ಸಿನಲ್ಲಿರುವವರಿಗೆ ಒಂದು ಮಾತು. ವರ್ಗವಾಗಿ ಬರುವವರು, ಹೋಗುವವರು ಗೀಸರನ್ನು ಬಿಚ್ಚಿ ಒಯ್ದು ಹೊಸ ಮನೆಯಲ್ಲಿ ಹಾಕಿಸುತ್ತೀರಿ. ಸಿಲಿಂಡರಿಗೆ ಮಾಡಿದ ಗೀಸರನ್ನು ಮಹಾನಗರ ಗ್ಯಾಸಿನ ಪೈಪಿಗೆ ಹಾಗೆಯೇ ಜೋಡಿಸುವಂತಿಲ್ಲ. ಪೈಪಿನದನ್ನು ಸಿಲಿಂಡರಿಗೆ ಜೋಡಿಸುವುದು ಇನ್ನೂ ಕೆಟ್ಟದ್ದು. ರಂಧ್ರದ ಅಳತೆ ಬೇರೆ, ಹೆಚ್ಚು ಗ್ಯಾಸ್ ನುಗ್ಗಿ ಹಳದಿ ಉರಿ, ಮಸಿ, ಮಾನಾಕ್ಸೈಡ್ ಎಲ್ಲ ಬರುತ್ತವೆ. ಕಂಪನಿಯ ತಿಳಿದವರಿಂದಲೇ ಬದಲಾಯಿಸಿಕೊಳ್ಳಿ. ಉರಿ ನೀಲಿ ಇರಬೇಕು. ಹಳದಿ ನಾಲಗೆ ಕಂಡರೆ, ಗೀಸರಿನ ಮೈಮೇಲೆ ಕಪ್ಪು ಹತ್ತಿದ್ದರೆ ಅವತ್ತೇ ನಿಲ್ಲಿಸಿ.

ಜೋಡಿಸಿದವನು ಹೋಗುವ ಮುಂಚೆ ಊದುಬತ್ತಿಯ ಪರೀಕ್ಷೆ ಮಾಡಿಸಿ. ಗ್ಯಾಸ್ ಸೋರುವ ವಾಸನೆ ಇಲ್ಲವೆಂದು ಮೊದಲು ಖಚಿತವಾಗಲಿ. ಮನೆಯ ಕಿಟಕಿ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್, ಅಡುಗೆಮನೆಯ ಚಿಮಣಿ ಎಲ್ಲ ಚಾಲೂ ಮಾಡಿ. ಗೀಸರ್ ಐದು ನಿಮಿಷ ಉರಿಯಲಿ. ಆಮೇಲೆ ಕೊಳವೆ ಶುರುವಾಗುವ ಜಾಗದಲ್ಲಿ ಗಾಳಿಗೆಂದು ಬಿಟ್ಟ ತೆರಪಿನ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ತೆರಪಿನೊಳಗೆ ಎಳೆದುಕೊಂಡು ಹೋದರೆ ಚಿಮಣಿ ಕೆಲಸ ಮಾಡುತ್ತಿದೆ. ಹೊಗೆ ನಿಮ್ಮ ಮುಖದ ಕಡೆಗೆ ತಿರುಗಿದರೆ ಗೀಸರ್ ಆರಿಸಿ, ಎಲ್ಲ ಕಿಟಕಿ ತೆರೆದು, ಅವನನ್ನು ಹೋಗಲು ಬಿಡಬೇಡಿ. ಇದನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೆ ಮಾಡಿ.

ಸದ್ಯ ಗೀಸರ್ ಬಚ್ಚಲಿನಲ್ಲೇ ಇದೆ, ಬಾಡಿಗೆ ಮನೆ, ಬದಲಾಯಿಸಲು ಆಗುವುದಿಲ್ಲ ಎನ್ನುವವರು ಬಹಳ ಜನ ಇದ್ದೀರಿ. ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಳಗೆ ಹೋಗಿ. ಒಳಗೆ ಇರುವಾಗ ಅದು ಉರಿಯಬಾರದು. ಬಾಣಂತಿಗೆ ನೀರು ಹೊರಗಿನಿಂದ ಒಯ್ದು ಕೊಡಿ, ಮೊದಲು ಬಂಬಿನಿಂದ ಒಯ್ಯುತ್ತಿರಲಿಲ್ಲವೇ? ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಬ್ಯಾಟರಿಯದು. ಬಚ್ಚಲಿನ ಹೊರಗೆ, ಬಾಗಿಲ ಹತ್ತಿರ, ಮುಖದ ಎತ್ತರಕ್ಕೆ ಹಾಕಿ. ಅಡುಗೆಮನೆಗೆಂದು ಮಾರುವ ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದಕ್ಕೆ ಅದು ಕೂಗುವುದಿಲ್ಲ.

ಯಾರಾದರೂ ಬಿದ್ದರೆ ಮುಖಕ್ಕೆ ನೀರು ಚಿಮುಕಿಸಿ, ಈರುಳ್ಳಿ ಮೂಸಿಸಿ ಕೂರಬೇಡಿ. ಉಸಿರು ಬಿಗಿಹಿಡಿದು ಬಾಗಿಲು ತೆರೆದು, ನಲ್ಲಿ ಮುಚ್ಚಿ, ಮೊದಲು ಹೊರಗೆ ಎಳೆಯಿರಿ. 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಕಿಟಕಿಗಳನ್ನೆಲ್ಲ ತೆರೆಯಲಿ. ಜತೆಗೆ ಇದ್ದ ಮಗುವನ್ನು, ನೀರೆರೆದವರನ್ನು, ಚೆನ್ನಾಗಿಯೇ ಕಂಡರೂ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ.

ಹೊರಗಿನ ಮೇಜಿನ ಮೇಲೆ ಎರಡು ಬಗೆಯ ಕೊಳವೆ, ಟೋಪಿ ಮತ್ತು ಅಲಾರಂ ತಂದಿಟ್ಟಿದ್ದೇನೆ, ಅರಸಿನ ಕುಂಕುಮ ತೆಗೆದುಕೊಂಡು ಹೋಗುವಾಗ ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಮನೆಯ ಗೀಸರಿನ ಫೋಟೊ ಮೊಬೈಲಿನಲ್ಲಿದ್ದರೆ ತೋರಿಸಿ, ನೋಡಿ ಹೇಳುತ್ತೇನೆ.